ಕೈ ಹಾಕಿದ್ದು ನೀನೇ ಅಲ್ವಾ?

ನನ್ನ ಬಲಗೈ ತೋರುಬೆರಳಿಗೆ ಕಾನೂನಿನಲ್ಲಿ ಒಂದು ನಂಬರ್ ಇದೆ. ಪೂರ್ತಿ ಹೋದರೆ 14. ಎರಡು ಗೆಣ್ಣು ಹೋದರೆ 11. ಒಂದು ಗೆಣ್ಣಾದರೆ 9. ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದ್ದರೆ 5. ನಡುಬೆರಳಿಗೆ ಇದೇ ಲೆಕ್ಕ 12, 9, 7, 4. ನಾವೆಲ್ಲ ಇಎಸ್‌ಐ ಅಂತ ಕರೆಯುವ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿ ಇದನ್ನೆಲ್ಲ ಸಾಲಾಗಿ ಬರೆದಿದ್ದಾರೆ. ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅನ್ನುವ ಲೆಕ್ಕ ಅದು. ಹೆಬ್ಬೆರಳಿಗೆ 30. ಅದು ನನಗೆ ಉಳಿದಿದೆ, ಪುಣ್ಯ.

ಈ ನಂಬರುಗಳು ಬಾಯಿಪಾಠ ಆಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

2018ರ ಮಾರ್ಚ್. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ನಾನು ಆಪರೇಟರ್. ತಗಡಿನ ಬ್ರಾಕೆಟ್ ಒತ್ತುವ ಕೆಲಸ. ಬೆಳಿಗ್ಗೆ ಆರಕ್ಕೆ ಷಿಫ್ಟ್ ಶುರು, ಎರಡಕ್ಕೆ ಮುಗಿಯಬೇಕು. ಅವತ್ತು ಲೋಡ್ ಹೋಗಬೇಕಿತ್ತು, 'ಎರಡು ಗಂಟೆ ನಿಂತ್ಕೋ' ಅಂದರು ಸೂಪರ್‌ವೈಸರ್. ನಿಂತೆ. ಪವರ್ ಪ್ರೆಸ್ಸಿಗೆ ಎರಡು ಬಟನ್ ಇರುತ್ತದೆ. ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಒತ್ತುವ ಏಟು (ಸ್ಟ್ರೋಕ್) ಬೀಳಬೇಕು. ಅಂದರೆ ಎರಡೂ ಕೈ ಹೊರಗಿದೆ ಅಂತ ಮೆಷಿನ್‌ಗೆ ಗೊತ್ತಾಗಬೇಕು. ನಮ್ಮ ಮೆಷಿನ್‌ನಲ್ಲಿ ಎಡಗಡೆ ಬಟನ್ನಿಗೆ ಟೇಪ್ ಸುತ್ತಿ ಯಾವಾಗಲೂ ಒತ್ತಿದ ಹಾಗೇ ಇಟ್ಟಿದ್ದರು. ನಾನು ಸೇರುವ ಮುಂಚೆಯಿಂದಲೂ ಹಾಗೇ ಇತ್ತು. ಒಂದು ಕೈ ಖಾಲಿ ಇದ್ದರೆ ಗಂಟೆಗೆ ನೂರು ಪೀಸ್ ಜಾಸ್ತಿ ಬರುತ್ತದೆ. ಟೇಪ್ ಹಳೆಯದಾದಾಗ ನಾನೇ ಬಿಚ್ಚಿ ಹೊಸದು ಸುತ್ತಿದ್ದೂ ಉಂಟು.

ಮೂರೂಮುಕ್ಕಾಲಿಗೆ ಒಂದು ಪೀಸ್ ಡೈನಲ್ಲಿ, ತಗಡಿಗೆ ಆಕಾರ ಕೊಡುವ ಅಚ್ಚಿನಲ್ಲಿ, ಸಿಕ್ಕಿಕೊಂಡಿತು. ತೆಗೆಯಲು ಕೊಕ್ಕೆ ಕಡ್ಡಿ ಇದೆ. ನಾಲ್ಕು ಮೆಷಿನ್‌ಗೆ ಒಂದೇ ಕಡ್ಡಿ, ಅದು ಆ ತುದಿಯ ಮೆಷಿನ್ ಹತ್ತಿರ ಇತ್ತು. ಬಲಗೈ ಹಾಕಿದೆ. ಬಗ್ಗಿದಾಗ ಎಡ ಮೊಣಕೈ ಬಲಗಡೆ ಬಟನ್ನಿಗೆ ತಾಗಿತು. ನೋವು ಆಮೇಲೆ ಬಂತು. ಮೊದಲು ನನಗೆ ಕಂಡಿದ್ದು ಬ್ರಾಕೆಟ್ ಮೇಲೆ ಕೆಂಪು ಬಿದ್ದು ಪೀಸ್ ರಿಜೆಕ್ಟ್ ಆಯಿತಲ್ಲ ಅನ್ನೋದು. ಆಮೇಲೆ ಎಷ್ಟೋ ಸಲ ಯೋಚನೆ ಮಾಡಿದ್ದೇನೆ, ಅದೇ ಯಾಕೆ ತಲೆಗೆ ಬಂತು ಅಂತ.

ಕಂಪನಿಯವರು ಮೊದಲು ಹತ್ತಿರದ ಖಾಸಗಿ ನರ್ಸಿಂಗ್ ಹೋಂಗೆ ಕರೆದುಕೊಂಡು ಹೋದರು, ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ. ನರ್ಸಿಂಗ್ ಹೋಂ ಚೀಟಿಯಲ್ಲಿ ಡ್ಯೂಟಿ ಡಾಕ್ಟರು ಒಂದು ಸಾಲು ಬರೆದಿದ್ದರು: ಕೆಲಸದ ಜಾಗದಲ್ಲಿ ಪ್ರೆಸ್ ಮೆಷಿನ್‌ಗೆ ಸಿಕ್ಕಿ ಜಜ್ಜಿದ ಗಾಯ, ಸಮಯ ಸಂಜೆ 4.20. ನನ್ನ ಹೆಂಡತಿ ಆ ಚೀಟಿಯನ್ನು ರೇಷನ್ ಕಾರ್ಡಿನ ಕವರಿನಲ್ಲಿ ಹಾಕಿಟ್ಟಿದ್ದಳು. ಅವಳು ಯಾವ ಚೀಟಿಯನ್ನೂ ಎಸೆಯುವುದಿಲ್ಲ, ಅದಕ್ಕಾಗಿ ನಾನು ಅವಳನ್ನು ಆಡಿಕೊಳ್ಳುತ್ತಿದ್ದೆ.

ಮೂರು ತಿಂಗಳು ಮನೆಯಲ್ಲಿದ್ದೆ. ಇಎಸ್‌ಐನಲ್ಲಿ ಕೆಲಸದ ಗಾಯಕ್ಕೂ ಮಾಮೂಲಿ ಕಾಯಿಲೆಗೂ ಕೊಡುವ ದುಡ್ಡು ಬೇರೆ ಬೇರೆ. ಕೆಲಸದಿಂದ ಆದ ಗಾಯ ಅಂದರೆ ಸರಾಸರಿ ದಿನಗೂಲಿಯ ನೂರಕ್ಕೆ 90. ಸುಮ್ನೆ ಕಾಯಿಲೆ ಅಂದರೆ ನೂರಕ್ಕೆ 70. ನನ್ನ ಸರಾಸರಿ ಕೂಲಿ 500 ರೂಪಾಯಿ. ದಿನಕ್ಕೆ 450 ಬರಬೇಕಿತ್ತು, 350ರ ಲೆಕ್ಕದಲ್ಲಿ ಬಂತು. ಏನೋ ತಪ್ಪಾಗಿದೆ, ಸರಿಮಾಡುತ್ತಾರೆ ಅಂದುಕೊಂಡೆ. ಆಗಸ್ಟ್‌ನಲ್ಲಿ ಕಾಗದ ಬಂತು. ನಿಮ್ಮ ಗಾಯವನ್ನು ಉದ್ಯೋಗದಿಂದ ಆದ ಗಾಯ ಎಂದು ಒಪ್ಪಲು ಬರುವುದಿಲ್ಲ, ಆದ್ದರಿಂದ ಎಷ್ಟು ಅಂಗವೈಕಲ್ಯ ಅಂತ ಅಳೆಯುವ ಮೆಡಿಕಲ್ ಬೋರ್ಡಿಗೆ ಕಳಿಸುವ ಪ್ರಶ್ನೆ ಬರುವುದಿಲ್ಲ. ಅಷ್ಟೇ. ಬೆರಳು ಎಷ್ಟು ಹೋಗಿದೆ ಅಂತ ಯಾರೂ ನೋಡಲೇ ಇಲ್ಲ.

ಶಾಖಾ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಕೆಟ್ಟವರಲ್ಲ. ಫೈಲ್ ತೆಗೆದು ಫಾರಂ 12 ತೋರಿಸಿದರು. ಅಪಘಾತವಾದರೆ ಮಾಲೀಕರು ಕಳಿಸಬೇಕಾದ ವರದಿ ಅದು. ಬೆರಳು ಹೋಗುವಂಥದ್ದಾದರೆ ತಕ್ಷಣ ಕಳಿಸಬೇಕು, ಚಿಕ್ಕಪುಟ್ಟದ್ದಾದರೆ ವಿಷಯ ತಿಳಿದ 24 ಗಂಟೆಯೊಳಗೆ. ನಮ್ಮದು ಒಂಬತ್ತು ದಿನ ಬಿಟ್ಟು ಹೋಗಿತ್ತು. ಅದರಲ್ಲಿ ಕಾರಣ ಅನ್ನುವ ಕಡೆ ಹೀಗಿತ್ತು: ಷಿಫ್ಟ್ ಮುಗಿದ ನಂತರ, ಸೂಚನೆ ಮೀರಿ, ಸ್ವಂತ ಅಜಾಗರೂಕತೆಯಿಂದ ಯಂತ್ರದೊಳಗೆ ಕೈ ಹಾಕಿದ್ದರಿಂದ.

'ಕೈ ಹಾಕಿದ್ದು ನೀವೇ ಅಲ್ವಾ?' ಅಂತ ಕೇಳಿದರು.

'ಹೌದು ಸಾರ್.'

'ಮತ್ತೆ?'

ಆ 'ಮತ್ತೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲನ್ನು ನಾನೂ ನಂಬಿದ್ದೆ. ಟೇಪ್ ಸುತ್ತಿದವನು ನಾನು, ಕೈ ಹಾಕಿದವನು ನಾನು. ಊರಿಂದ ಬಂದ ಅಪ್ಪನೂ ಅದೇ ಕೇಳಿದ್ದರು, 'ಜ್ಞಾನ ಎಲ್ಲಿತ್ತೋ ನಿನಗೆ?' ಅಂತ. ಕಾಗದ ಮಡಚಿಕೊಂಡು ಮನೆಗೆ ಬಂದೆ. ಒಂದು ವರ್ಷಕ್ಕಿಂತ ಜಾಸ್ತಿ ಏನೂ ಮಾಡಲಿಲ್ಲ.

ಆ ವರ್ಷದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರಜೆಯಲ್ಲಿದ್ದು ದುಡ್ಡು ಪಡೆಯುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಕಾನೂನಿದೆ. ಹಾಗಾಗಿ ರಜೆ ಮುಗಿದ ಮೇಲೆ ತೆಗೆದರು. ಸೆಕ್ಯೂರಿಟಿ ಕೆಲಸ ಮಾಡಿದೆ, ಗೋಡೌನಿನಲ್ಲಿ ಲೆಕ್ಕ ಬರೆದೆ. ಪೆನ್ನು ಹಿಡಿಯುವುದನ್ನು ಹೊಸದಾಗಿ ಕಲಿತೆ, ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ. ಬ್ಯಾಂಕಿನಲ್ಲಿ ಸಹಿ ತಾಳೆಯಾಗಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳಿಡುವ ಮೆಷಿನ್ ಮುಂದೆ ನಾನು ಬಲಗೈ ಚಾಚುತ್ತಿದ್ದೆ, ಅಭ್ಯಾಸ. ಅಂಗಡಿಯವರು ಏನೂ ಹೇಳದೆ ಮೆಷಿನ್ನನ್ನು ನನ್ನ ಎಡಗಡೆಗೆ ಸರಿಸುತ್ತಿದ್ದರು.

2019ರ ಕೊನೆಗೆ ಹಳೇ ಶಾಪಿನ ಡೈ ಸೆಟ್ಟರ್ ಸಿಕ್ಕರು. ವಯಸ್ಸಾದವರು, ನಾವೆಲ್ಲ ಅಣ್ಣ ಅನ್ನುತ್ತೇವೆ. ಟೀ ಕುಡಿಯುತ್ತಾ ಎಲ್ಲ ಹೇಳಿದೆ. ಅವರು ನನ್ನನ್ನು ಒಂದು ಕಾರ್ಮಿಕ ಸಂಘದ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಹಿರಿಯರು ಕಾಗದ ಓದಿ ಕನ್ನಡಕ ತೆಗೆದಿಟ್ಟು ಕೇಳಿದರು:

'ಕೈ ಹಾಕಿದ್ದು ತಪ್ಪೇ ಕಣಪ್ಪ. ಆದ್ರೆ ಯಾರ ಕೆಲಸಕ್ಕೆ ಹಾಕ್ದೆ? ನಿಮ್ಮನೆ ಕೆಲಸಕ್ಕಾ?'

ನಾನು ಬಾಯಿ ಬಿಡಲಿಲ್ಲ.

'ಒಳಗಿದ್ದಿದ್ದು ಯಾರ ಪೀಸು?'

'ಕಂಪನೀದು.'

'ಅಷ್ಟೇ. ಮುಗೀತು.'

ಮುಗಿಯಲು ಇನ್ನೂ ಮೂರು ವರ್ಷ ಬೇಕಾಯಿತು ಬಿಡಿ. ಆದರೆ ಅವರು ಆಡುಮಾತಿನಲ್ಲಿ ಕೇಳಿದ್ದೇ ಕಾಯ್ದೆಯ 51-ಬಿ ಸೆಕ್ಷನ್. ನೌಕರ ನಿಯಮ ಮೀರಿದ್ದರೂ, ಮಾಲೀಕರ ಸೂಚನೆ ಮೀರಿದ್ದರೂ, ಮಾಡಿದ್ದು ಮಾಲೀಕರ ಕೆಲಸಕ್ಕಾಗಿಯೇ ಆಗಿದ್ದರೆ ಅದು ಕೆಲಸದ ಗಾಯವೇ. ಅದಕ್ಕೂ ಮುಂಚಿನ 51-ಎ ಇನ್ನೊಂದು ಮಾತು ಹೇಳುತ್ತದೆ. ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಕೆಲಸದಿಂದಲೇ ಆದದ್ದು ಅಂತ ಮೊದಲಿಗೇ ನಂಬಬೇಕು, ಅಲ್ಲ ಅನ್ನುವುದಕ್ಕೆ ಪುರಾವೆ ಇಲ್ಲದಿದ್ದರೆ. ಅಂದರೆ ನನ್ನ ಅಜಾಗರೂಕತೆ ಈ ವಿಷಯದಲ್ಲಿ ಲೆಕ್ಕಕ್ಕೇ ಇಲ್ಲ. ಒಂದೂವರೆ ವರ್ಷ ನಾನು ಹೊತ್ತುಕೊಂಡು ತಿರುಗಿದ ಸಾಲನ್ನು ಕಾನೂನು ಓದುವುದೇ ಇಲ್ಲ! ಇದನ್ನು ಕೌಂಟರಿನಲ್ಲಿ ಒಬ್ಬರಾದರೂ ಹೇಳಬಹುದಿತ್ತು. ಅವರಿಗೂ ಗೊತ್ತಿರಲಿಲ್ಲವೋ ಏನೋ.

(ನನ್ನ ಕೇಸು ನಡೆದದ್ದು 1948ರ ಇಎಸ್‌ಐ ಕಾಯ್ದೆಯ ಕೆಳಗೆ. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಸೆಕ್ಷನ್ ನಂಬರುಗಳು ಬೇರೆ. ಹೊಸದಾಗಿ ಅರ್ಜಿ ಹಾಕುವವರು ನನ್ನ ನಂಬರುಗಳನ್ನು ಹಾಗೇ ಬರೆಯಬೇಡಿ.)

ಇಂಥ ಜಗಳಕ್ಕೆ ಮಾಮೂಲಿ ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ನೌಕರರ ವಿಮಾ ನ್ಯಾಯಾಲಯ ಅಂತ ಬೇರೆ ಇದೆ, ಎಲ್ಲರೂ ಇಎಸ್‌ಐ ಕೋರ್ಟ್ ಅನ್ನುತ್ತಾರೆ. ಇಎಸ್‌ಐಗೆ ಸೇರಿದವರು ಕೆಲಸದ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳುವ ಹಾಗೂ ಇಲ್ಲ, 53ನೇ ಸೆಕ್ಷನ್ ಅಡ್ಡ ಬರುತ್ತದೆ. ಹಾಗಾಗಿ ಇದ್ದದ್ದು ಇದೊಂದೇ ಬಾಗಿಲು. ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ನಾನು ಒಂದೂವರೆ ವರ್ಷ ಆಗಲೇ ತಿಂದಿದ್ದೆ. ಅಲ್ಲಿ ವಕೀಲರೇ ಬೇಕೆಂದಿಲ್ಲ, ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಗೆ ಬರೆದುಕೊಟ್ಟರೆ ಅವರೇ ನಿಂತು ವಾದಿಸಬಹುದು. ಹಿರಿಯರು 'ನನಗೆ ಕಿವಿ ಸರಿಯಾಗಿ ಕೇಳಲ್ಲ, ಬೇಡ' ಅಂತ ನಕ್ಕು ಕಾನೂನು ನೆರವಿಗೆ ಕಳಿಸಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ವಕೀಲರನ್ನು ಪಡೆಯುವವರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ನನಗೆ ಅದು ಭಿಕ್ಷೆಯ ಹಾಗೆ ಅನಿಸಿತ್ತು. 'ಬರೆದಿದೆಯಲ್ಲ, ತಗೊಳ್ಳೋಕೇನು?' ಅಂದಳು ಹೆಂಡತಿ.

ಸಿಕ್ಕ ವಕೀಲರು ಚಿಕ್ಕ ವಯಸ್ಸಿನ ಮೇಡಂ. ವಕಾಲತ್ತಿಗೆ ಸಹಿ ಹಾಕುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. 'ಸಹಿ ಬದಲಾಗಿದೆ ಅಂತ ಅರ್ಜಿಯಲ್ಲೇ ಒಂದು ಸಾಲು ಬರೀತೀನಿ, ಆಮೇಲೆ ತಕರಾರು ಬೇಡ' ಅಂದರು. ಆಗಲೇ ಇವರು ಕೆಲಸ ಮಾಡುವವರು ಅಂತ ಗೊತ್ತಾಯಿತು. ಇಎಸ್‌ಐ ಒಂದನೇ ಎದುರುದಾರ, ಕಂಪನಿ ಎರಡನೆಯದು. 2020ರ ಜನವರಿಯಲ್ಲಿ ಅರ್ಜಿ ಹೋಯಿತು. ಮಾರ್ಚ್‌ನಲ್ಲಿ ಲಾಕ್‌ಡೌನ್. ಆಮೇಲೆ ಡೇಟು, ಡೇಟು, ಡೇಟು. ಪ್ರತಿ ಡೇಟಿಗೆ ಒಂದು ದಿನದ ಸಂಬಳ ಹೋಗುತ್ತಿತ್ತು. ಹೆಸರು ಕೂಗುವುದು ಎರಡು ನಿಮಿಷ, ಕಾಯುವುದು ಅರ್ಧ ದಿನ.

ನಮ್ಮ ನಿಜವಾದ ತೊಂದರೆ ಕೈ ಹಾಕಿದ್ದಲ್ಲ, 'ಷಿಫ್ಟ್ ಮುಗಿದ ನಂತರ' ಅನ್ನುವ ಮೂರು ಪದ ಅಂತ ಮೇಡಂ ಹೇಳಿದರು. ನಾನು ಆ ಹೊತ್ತಿಗೆ ಕೆಲಸದಲ್ಲಿದ್ದೆ ಅಂತ ತೋರಿಸದಿದ್ದರೆ 51-ಎ, 51-ಬಿ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಓವರ್‌ಟೈಮ್ ದುಡ್ಡನ್ನು ಕೈಗೆ ಕೊಡುತ್ತಿದ್ದರು, ಪುಸ್ತಕದಲ್ಲಿ ಇಲ್ಲ. ಜೊತೆಗಿದ್ದ ಹೆಲ್ಪರ್ ಒಡಿಶಾದ ಹುಡುಗ, ಲಾಕ್‌ಡೌನಿನಲ್ಲಿ ಊರಿಗೆ ಹೋದವನು ಬರಲೇ ಇಲ್ಲ, ಫೋನೂ ಇಲ್ಲ.

ಆಗ ನೆನಪಾಗಿದ್ದು ಪ್ರೊಡಕ್ಷನ್ ಶೀಟ್. ಪ್ರತಿ ಗಂಟೆಗೆ ಎಷ್ಟು ಪೀಸ್ ಆಯಿತು ಅಂತ ಆಪರೇಟರೇ ಬರೆಯಬೇಕು, ಸೂಪರ್‌ವೈಸರ್ ಚಿಕ್ಕ ಸಹಿ ಹಾಕಬೇಕು. ದಾಖಲೆ ತರಿಸುವುದಕ್ಕೆ, ಸಾಕ್ಷಿ ಕರೆಸುವುದಕ್ಕೆ ಈ ಕೋರ್ಟಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಮೇಡಂ ಆ ತಿಂಗಳ ಶೀಟುಗಳನ್ನೂ ಅಪಘಾತ ಪುಸ್ತಕವನ್ನೂ ತರಿಸಲು ಅರ್ಜಿ ಹಾಕಿದರು. ಎರಡು ಡೇಟು ಸಬೂಬು ಹೇಳಿ ಮೂರನೆಯದಕ್ಕೆ ತಂದರು.

ಶೀಟು ಕೈಗೆ ಬಂದಾಗ ನನ್ನದೇ ಹಳೇ ಅಕ್ಷರ ನೋಡಿದೆ. ಗುಂಡುಗುಂಡಾಗಿ, ಬೆರಳಿದ್ದಾಗಿನ ಅಕ್ಷರ. 2ರಿಂದ 3: 410. ಪಕ್ಕದಲ್ಲಿ ಸೂಪರ್‌ವೈಸರ್ ಸಹಿ. 3ರಿಂದ 4ರ ಮನೆ ಖಾಲಿ, ಮೂಲೆಯಲ್ಲಿ ಎಣ್ಣೆಯದೋ ಮತ್ತೊಂದರದೋ ಕಂದು ಕಲೆ. ಅಪಘಾತ ಪುಸ್ತಕದಲ್ಲಿ ನನ್ನದನ್ನು ಎರಡು ಸಾಲುಗಳ ನಡುವೆ ತುರುಕಿ ಬರೆದಿದ್ದರು, ಬೇರೆ ಶಾಯಿಯಲ್ಲಿ. ಇದರ ಬಗ್ಗೆ ಮೇಡಂ ಜಾಸ್ತಿ ಮಾತಾಡಲಿಲ್ಲ. ಪುಸ್ತಕವನ್ನು ಸುಮ್ನೆ ಜಡ್ಜ್ ಕಡೆಗೆ ತಿರುಗಿಸಿ ಇಟ್ಟರು.

ನನ್ನ ಸಾಕ್ಷಿಯ ಹಿಂದಿನ ರಾತ್ರಿ ಹಳೇ ಸಹೋದ್ಯೋಗಿ ಒಬ್ಬ ಫೋನ್ ಮಾಡಿ, 'ಗುರು, ಕೈ ಹಾಕ್ಲಿಲ್ಲ ಅಂತ ಹೇಳ್ಬಿಡು. ಮೆಷಿನ್ ತಾನಾಗೇ ಹೊಡೀತು ಅನ್ನು, ಯಾರು ನೋಡಿದ್ದಾರೆ?' ಅಂದ. ಮೇಡಂಗೆ ಕೇಳಿದೆ. 'ನಡೆದದ್ದು ಹೇಳಿ. ಟೇಪ್ ವಿಷಯಾನೂ ಹೇಳಿ. ಕೇಳಿದಷ್ಟಕ್ಕೆ ಉತ್ತರ ಕೊಡಿ, ಕಥೆ ಬೇಡ' ಅಂದರು.

ಪಾಟೀ ಸವಾಲು ಹತ್ತು ನಿಮಿಷವೂ ಇರಲಿಲ್ಲ. ಕಂಪನಿ ವಕೀಲರು ಮೆಲ್ಲಗೇ ಕೇಳಿದರು.

'ಚಾಲನೆಯಲ್ಲಿರುವ ಯಂತ್ರದೊಳಗೆ ಕೈ ಹಾಕಬಾರದು ಅಂತ ನಿಮಗೆ ಗೊತ್ತಿತ್ತು?'

'ಗೊತ್ತಿತ್ತು.'

'ಆದರೂ ಹಾಕಿದಿರಿ?'

'ಹಾಕಿದೆ.'

'ಬಟನ್ನಿಗೆ ಟೇಪ್ ಸುತ್ತಿದವರು ನೀವೇ?'

'ಹಳೇ ಟೇಪ್ ಕಿತ್ತುಹೋದಾಗ ಸುತ್ತಿದ್ದೇನೆ. ಮೊದಲು ಸುತ್ತಿದವರು ಯಾರೋ ಗೊತ್ತಿಲ್ಲ.'

ಒಂದೊಂದು ಉತ್ತರಕ್ಕೂ ಜಡ್ಜ್ ಹೇಳುತ್ತಿದ್ದರು, ಟೈಪಿಸ್ಟ್ ಬಡಿಯುತ್ತಿದ್ದರು. ನಾನು ಆಡಿದ ಮಾತು ಅಲ್ಲಿ ಬೇರೆಯೇ ಕನ್ನಡವಾಗಿ ಹೊರಗೆ ಬರುತ್ತಿತ್ತು. ಕೊನೆಗೆ 'ಪರಿಹಾರದ ಆಸೆಗೆ ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ' ಅಂತ ಒಂದು ಸಾಲು ನನ್ನ ಹೆಸರಿನಲ್ಲಿ ಬಂತು. ಎಲ್ಲರ ಸಾಕ್ಷಿಯೂ ಈ ಸಾಲಿನಿಂದಲೇ ಮುಗಿಯುತ್ತದಂತೆ. ಇಳಿಯುವ ಮುಂಚೆ ಜಡ್ಜ್ ತಾವೇ ಕೇಳಿದರು, 'ಒಳಗೆ ಏನು ಸಿಕ್ಕಿಕೊಂಡಿತ್ತು?'

'ಬ್ರಾಕೆಟ್, ಸ್ವಾಮಿ. ಲೋಡಿಗೆ ಹೋಗಬೇಕಾಗಿದ್ದು.'

ಅದನ್ನೂ ಬರೆಸಿದರು.

ಡೈ ಸೆಟ್ಟರ್ ಅಣ್ಣ ಇನ್ನೂ ಅದೇ ಶಾಪಿನಲ್ಲಿದ್ದರು, ರಿಟೈರ್ ಆಗಲು ಎಂಟು ತಿಂಗಳಿತ್ತು. ಬರಬೇಡಿ ಅಂದಿದ್ದೆ. ಬಂದರು. 'ಆ ಮೆಷಿನ್‌ಗೆ ಡೈ ಕಟ್ಟಿದ್ದು ನಾನೇ, ಆವತ್ತು ಎರಡು ಗಂಟೆ ಮೇಲೂ ಅದು ಓಡ್ತಿತ್ತು' ಅಷ್ಟೇ ಹೇಳಿ ಇಳಿದರು. ಅವರಿಗೆ ಆಮೇಲೆ ಏನೇನಾಯಿತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ.

2022ರ ಆಗಸ್ಟ್‌ನಲ್ಲಿ ಆದೇಶ ಬಂತು. ನಿರಾಕರಣೆ ರದ್ದು. ಇದು ಉದ್ಯೋಗದಿಂದ ಆದ ಗಾಯ. ರಜೆಯ ದಿನಗಳಿಗೆ 90ರ ಲೆಕ್ಕದಲ್ಲಿ ವ್ಯತ್ಯಾಸದ ಹಣ ಕೊಡಬೇಕು. ಎಷ್ಟು ಅಂಗವೈಕಲ್ಯ ಅನ್ನುವುದಕ್ಕೆ ಮೆಡಿಕಲ್ ಬೋರ್ಡಿಗೆ ಕಳಿಸಬೇಕು. ಬೆರಳಿನ ಲೆಕ್ಕ ಹಾಕುವುದು ಬೋರ್ಡಿನ ಕೆಲಸ, ಕೋರ್ಟು ಮೊದಲೇ ತಾನಾಗಿ ಹಾಕುವುದಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಗೆದ್ದ ದಿನ ಕೈಗೆ ಬಂದದ್ದು ಇನ್ನೊಂದು ಸಾಲಿನಲ್ಲಿ ನಿಲ್ಲುವುದಕ್ಕೆ ಚೀಟಿ. ಎದುರಿನವರು ಹೈಕೋರ್ಟಿಗೆ ಹೋಗಲು 60 ದಿನ ಇರುತ್ತದೆ, ಅದೂ ಕಾನೂನಿನ ಮುಖ್ಯ ಪ್ರಶ್ನೆ ಇದ್ದರೆ ಮಾತ್ರ. ಹೆಂಡತಿ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಎಳೆದಳು. ಯಾರೂ ಹೋಗಲಿಲ್ಲ.

ಬೋರ್ಡ್ ನಡೆದದ್ದು ನವೆಂಬರ್‌ನಲ್ಲಿ. ಮೂವರು ಡಾಕ್ಟರು, ಒಂದು ಟೇಬಲ್. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ. ಒಬ್ಬರಿಗೆ ಕಣ್ಣು, ಇಬ್ಬರಿಗೆ ಕಾಲು, ಉಳಿದವರೆಲ್ಲ ಬೆರಳು. ಪಕ್ಕದಲ್ಲಿದ್ದವರಿಗೆ ನಾಲ್ಕೂ ಬೆರಳು ಇರಲಿಲ್ಲ. 'ನಿಮ್ದು ಎಷ್ಟು ಕೊಡ್ತಾರೆ?' ಅಂತ ನನ್ನನ್ನು ಕೇಳಿದರು. ಷೆಡ್ಯೂಲ್ ನೆನಪಿತ್ತು. 'ನಂದು 18 ಇರ್ಬೇಕು. ನಿಮ್ದು 50' ಅಂದೆ. ಅವರು ಒಮ್ಮೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

ಒಳಗೆ 'ಮಡಚಿ', 'ಬಿಚ್ಚಿ', 'ಹಿಡೀರಿ' ಅಂದರು. ಹಳೇ ಕಾಗದ ಒಂದರಲ್ಲಿ ತೋರುಬೆರಳಿನ ತುದಿಗೆ ಗಾಯ ಅಂತ ಇತ್ತು, ಅದನ್ನು ಹಿಡಿದು ಒಬ್ಬರು 5 ಅಂದರು. ನನ್ನ ಎದೆ ಧಸಕ್ಕೆಂದಿತು. ಇನ್ನೊಬ್ಬರು ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಇಲ್ಲದ ಮೂಳೆಯನ್ನು ಪೆನ್ನಿನ ತುದಿಯಲ್ಲಿ ಎಣಿಸಿದರು. 'ಒಂದು, ಎರಡು. ಇದು 11. ನಡುಬೆರಳಲ್ಲಿ ಒಂದು, ಅದು 7.' ಒಪ್ಪಿಗೆಯಾಗದಿದ್ದರೆ ಮೆಡಿಕಲ್ ಅಪೀಲ್ ಟ್ರಿಬ್ಯುನಲ್‌ಗೆ ಹೋಗಬಹುದಿತ್ತು, ಇಲ್ಲವೇ ನೇರವಾಗಿ ಮತ್ತೆ ಇಎಸ್‌ಐ ಕೋರ್ಟಿಗೆ. ಬೇಕಾಗಲಿಲ್ಲ.

450 ರೂಪಾಯಿಯ ನೂರಕ್ಕೆ 18 ಅಂದರೆ ದಿನಕ್ಕೆ 81 ರೂಪಾಯಿ. ಜೀವ ಇರುವವರೆಗೆ. ಬೇರೆ ಕಡೆ ಕೆಲಸ ಮಾಡಿ ಸಂಬಳ ತಗೊಂಡರೂ ಇದು ನಿಲ್ಲುವುದಿಲ್ಲ. ಇದನ್ನು ತುಂಬಾ ಜನ ನಂಬುವುದಿಲ್ಲ, ಕೆಲಸ ಸಿಕ್ಕಿದ ಮೇಲೆ ಅರ್ಜಿಯನ್ನೇ ಹಾಕುವುದಿಲ್ಲ. 2018ರ ಜೂನ್‌ನಿಂದ ಬಾಕಿ ಸೇರಿಸಿ 2023ರ ಜನವರಿಯಲ್ಲಿ 1,35,000 ಚಿಲ್ಲರೆ ಬ್ಯಾಂಕಿಗೆ ಬಂತು. ಅರ್ಧ ಸಾಲಕ್ಕೆ ಹೋಯಿತು. ಉಳಿದದ್ದರ ಬಗ್ಗೆ ಮನೆಯಲ್ಲಿ ಇನ್ನೂ ಚರ್ಚೆ ನಡೀತಿದೆ.

ಬದುಕಿದ್ದೇನೆ ಅಂತ ಆಗಾಗ ಶಾಖಾ ಕಚೇರಿಗೆ ಸರ್ಟಿಫಿಕೇಟ್ ಕೊಡಬೇಕು. ಮೊದಲ ಸಲ ಹೋದಾಗ ಅದೇ ಕೌಂಟರ್, ಅದೇ ಮನುಷ್ಯ. ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ಫಾರಂ ತಿರುವಿ ನೋಡಿ, ಸಹಿ ಮೇಲೆ ಬೆರಳಿಟ್ಟು, 'ಹಳೇ ಸಹಿಗೆ ಮ್ಯಾಚ್ ಆಗ್ತಿಲ್ವಲ್ಲ' ಅಂದರು.

ಕೈ ಎತ್ತಿ ತೋರಿಸಿದೆ. 'ಹೊಸ ಸಹಿ ಫೈಲಲ್ಲೇ ಇದೆ ಸಾರ್, ಕೋರ್ಟ್ ಆದೇಶದ ಜೊತೆ ಕೊಟ್ಟಿದ್ದೀನಿ. ನೋಡಿ.'

ಅವರು ಎದ್ದು ಫೈಲ್ ತರಲು ಒಳಗೆ ಹೋದರು.